ಸುರಿದು ನೋಡಿದರೆ ಸಾಲದೇ?

ಕುಂದಾಪುರ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ಬ್ಯಾಕ್ಟೀರಿಯಾದಿಂದ ಮರಳು ಗಟ್ಟಿಯಾಗುತ್ತದೆ ಎಂದು ಬರೆದಿರಿ, ಸರಿ. ಜೊತೆಗೆ ಅರ್ಧ ಪುಟ ಸಮೀಕರಣ ಯಾಕೆ? ಸುರಿದು ನೋಡಿದರೆ ಗೊತ್ತಾಗುವುದಿಲ್ಲವೇ? ನಮ್ಮ ತೋಟದ ಮರಳು ದಂಡೆಗೂ ಇದನ್ನು ಮಾಡಬಹುದಾ?"

ಆ ಅರ್ಧ ಪುಟ ಇರಲಿ ಎಂದು ಹಟ ಹಿಡಿದವನು ನಾನೇ. ಉತ್ತರವೂ ನನ್ನ ತಲೆಗೇ.

ಕೊಳವೆಬಾವಿ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತದಲ್ವಾ, ಇದೂ ಹೆಚ್ಚುಕಡಿಮೆ ಅದೇ: ಕ್ಯಾಲ್ಸಿಯಂ ಕಾರ್ಬೊನೇಟ್. ಸ್ಪೋರೊಸಾರ್ಸಿನಾ ಪಾಸ್ಚುರಿ ಎಂಬ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆಯುತ್ತದೆ. ಅದರಿಂದ ಬಂದ ಕಾರ್ಬೊನೇಟ್, ನಾವು ಹಾಕಿದ ಕ್ಯಾಲ್ಸಿಯಂ ಜೊತೆ ಸೇರಿ ಮರಳಿನ ಸಂದಿಯಲ್ಲಿ ಹರಳುಗಟ್ಟುತ್ತದೆ. ಕಣಕ್ಕೆ ಕಣ ಅಂಟುತ್ತದೆ.

ತೊಂದರೆಯೂ ಇಲ್ಲೇ. ಸುರಿದ ಜಾಗದಲ್ಲೇ ಜಾಸ್ತಿ ಹರಳು ಕಟ್ಟಿದರೆ ಸಂದಿ ಮುಚ್ಚಿ, ದ್ರಾವಣ ಮುಂದೆ ಹೋಗುವುದೇ ಇಲ್ಲ. ಬಾಯಿ ಕಲ್ಲು, ಹೊಟ್ಟೆ ಬರೀ ಮರಳು. ನೀರು ಹರಿದ ಕಡೆ ಹರಳು, ಹರಳು ಕಟ್ಟಿದ ಕಡೆ ನೀರಿನ ದಾರಿ ಬೇರೆ. ಒಂದು ಬದಲಾದರೆ ಇನ್ನೊಂದೂ ಬದಲು. ಯೂರಿಯಾ ಎಲ್ಲಿ ಎಷ್ಟಿದೆ, ಬ್ಯಾಕ್ಟೀರಿಯಾ ಎಲ್ಲಿ ಅಂಟಿದೆ, ಸಂದಿ ಎಷ್ಟು ಉಳಿದಿದೆ ಎಂದು ಸಮೀಕರಣಗಳು ಗಳಿಗೆ ಗಳಿಗೆಗೂ ಲೆಕ್ಕ ಇಡುವುದು ಅದಕ್ಕೇ.

ಸುರಿದು ನೋಡಿದವರೂ ಇದ್ದಾರೆ. ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನವರು 100 ಘನ ಮೀಟರ್ ಮರಳಿನ ಮೇಲೆ ಮಾಡಿ, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಟ್ಟಿಯಾದ ಭಾಗದಲ್ಲೇ ಬಲ ಒಂದು ಕಡೆ 0.7 ಮೆಗಾಪ್ಯಾಸ್ಕಲ್, ಇನ್ನೊಂದು ಕಡೆ 12.4! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಸ್ರೋದವರು 2020ರಲ್ಲಿ ಇದೇ ಬ್ಯಾಕ್ಟೀರಿಯಾ ಮತ್ತು ಗೋರಿಕಾಯಿ ಜಾತಿಯ ಬೀಜದ ಅಂಟಿನಿಂದ, ಚಂದ್ರನ ಮಣ್ಣನ್ನು ಹೋಲುವ ಪುಡಿಯಲ್ಲಿ ಇಟ್ಟಿಗೆ ಮಾಡಿದ್ದರು. ಇಟ್ಟಿಗೆ ಅಂಗೈ ಅಗಲದ ಮಾತು. ದಂಡೆ ಹಾಗಲ್ಲ.

ಈಗ ನಿಮ್ಮ ತೋಟ. ಒಂದು ಚೀಲ, ಅಂದರೆ 45 ಕಿಲೋ ಯೂರಿಯಾ ಪೂರ್ತಿ ಕೆಲಸ ಮಾಡಿದರೆ 75 ಕಿಲೋ ಹರಳು ಸಿಗುತ್ತದೆ. ಕೇಳಲು ಭರ್ಜರಿ. ಆದರೆ ಅದರ ಗಾತ್ರ 28 ಲೀಟರ್ ಅಷ್ಟೇ. ಒಂದು ಘನ ಮೀಟರ್ ಸಡಿಲ ಮರಳಿನಲ್ಲಿ ಸಂದಿಯೇ ಸುಮಾರು 400 ಲೀಟರ್ ಇರುತ್ತದೆ. ಕಣಗಳು ಅಂಟಲು ಆ 28 ಲೀಟರ್ ಸಾಕು ಅನ್ನಿ. ಕ್ಯಾಲ್ಸಿಯಂ ಕ್ಲೋರೈಡ್ ಬಳಸಿದರೆ ಜೊತೆಗೆ 80 ಕಿಲೋ ಅಮೋನಿಯಂ ಕ್ಲೋರೈಡ್ ನೀರಿನಲ್ಲಿ ಕರಗಿ ಉಳಿಯುತ್ತದೆ. ಅದನ್ನು ತೊಳೆದು ಹೊರಗೆ ತೆಗೆಯದಿದ್ದರೆ ನೆಲದೊಳಗೆ ಇಳಿಯುತ್ತದೆ. ಹಾಗಾಗಿ ಸದ್ಯಕ್ಕೆ ಬೇಡ ಅಂತಲೇ ನನ್ನ ಮಾತು. ಅಂದ ಹಾಗೆ, ದಂಡೆಯಿಂದ ನಿಮ್ಮ ಬಾವಿ ಎಷ್ಟು ದೂರ?