ಎಲೆ ಕಲಸುವ ಹೊತ್ತು

ಕಾರವಾರದ ಕೋಡಿಬಾಗದಿಂದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ವಿಷಯ ಇಷ್ಟು: ರಾತ್ರಿ ಊಟವಾದ ಮೇಲೆ ಕಾಲೇಜು ಗೆಳೆಯರ ಜೊತೆ ಫೋನಿನಲ್ಲಿ ಪೋಕರ್ ಎಂಬ ಇಸ್ಪೀಟಾಟ ಆಡುತ್ತಾರೆ. ಮೊದಲು ತಿಂಗಳಿಗೆ ಐನೂರು ರೂಪಾಯಿ ಇಟ್ಟು ಆಡುತ್ತಿದ್ದರಂತೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳಿಗೆ ನಿಷೇಧ ಹಾಕಿದ ಮೇಲೆ ಈಗ ಬರೀ ಬಿಟ್ಟಿ ಚಿಪ್ಪಿನ (ಹಣದ ಬದಲು ಪಣಕ್ಕಿಡುವ ಬಿಲ್ಲೆಯ) ಆಟ. ‘ಕುಡಿಯುವುದಿಲ್ಲ, ಮಾಜಾಳಿ ದಾಟಿ ಪಣಜಿಯ ಕ್ಯಾಸಿನೊ ಹಡಗು ಹತ್ತಿದವನಲ್ಲ. ಆದರೂ ಮನೆಯಲ್ಲಿ ಪಾತ್ರೆಗಳ ಸದ್ದು ಜಾಸ್ತಿಯಾಗಿದೆ. ಹವ್ಯಾಸ, ಸಂಸಾರ ಎರಡನ್ನೂ ತೂಗಿಸುವುದು ಹೇಗೆ?’ ಇದು ಅವರ ಪ್ರಶ್ನೆ.

ಮೊದಲಿಗೆ, ಕೈಬರಹದ ಪತ್ರಕ್ಕೆ ಥ್ಯಾಂಕ್ಸ್. ಅಕ್ಷರ ಚೆನ್ನಾಗಿದೆ. ಇಷ್ಟು ಚಂದ ಬರೆಯುವವರು ರಾತ್ರಿ ಹೊತ್ತು ಬೇರೆ ಏನಾದರೂ ಮಾಡಬಹುದಿತ್ತು ಅನ್ನಿಸಿತು, ಇರಲಿ.

ನಿಮ್ಮ ಕಡೆಯ ಮಾತನ್ನು ಒಪ್ಪುತ್ತೇನೆ. ದುಡಿದು ಬಂದ ಮನುಷ್ಯನಿಗೆ ಒಂದು ಆಟ ಬೇಕು. ಪೋಕರ್ ಬರೀ ಅದೃಷ್ಟದ್ದಲ್ಲ ಎಂಬುದೂ ಸರಿ. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತ್ತು. ಹಣದ ಆನ್‌ಲೈನ್ ಆಟಗಳ ಮೇಲೆ ನಮ್ಮ ರಾಜ್ಯ 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ತೆಗೆದುಹಾಕಿತು. ಈಗಿನ ಕೇಂದ್ರದ ಕಾಯ್ದೆ ಮಾತ್ರ ಕೌಶಲವೋ ಅದೃಷ್ಟವೋ ಎಂದು ಕೇಳುವುದೇ ಇಲ್ಲ, ಹಣ ಇದ್ದರೆ ಬೇಡ, ಅಷ್ಟೇ. ನಿಮ್ಮಲ್ಲಿ ಹಣ ಇಲ್ಲ. ಕಾನೂನಿನ ತಂಟೆ ಮುಗಿಯಿತು.

ಆದರೆ ಮಾರಾಯರೇ, ಪಾತ್ರೆಗಳು ಕಾನೂನು ಓದಿ ಸದ್ದು ಮಾಡುವುದಿಲ್ಲವಲ್ಲ!

ನಾನು ಇಸ್ಪೀಟಿನ ವಿರೋಧಿ ಅಲ್ಲ. ಶಿರಸಿ ಸೀಮೆಯ ಅಜ್ಜನ ಮನೆಯ ಜಗಲಿಯಲ್ಲೇ ಆಟ ಕಲಿತವನು. ಮದುವೆ ಇರಲಿ, ತಿಥಿ ಇರಲಿ, ಊಟವಾಗಿ ಕವಳ ಬಾಯಿಗೆ ಬಿದ್ದದ್ದೇ ಕಂಬಳಿ ಹಾಸುತ್ತಿದ್ದರು. ಪಣಕ್ಕೆ ಗೋಟಡಿಕೆ. ಗೆದ್ದವನೂ ಏಳುವಾಗ ಅದನ್ನು ಬುಟ್ಟಿಗೆ ವಾಪಸ್ ಹಾಕಬೇಕು. ರಾತ್ರಿ ಆಟ ತೀರಾ ಎಳೆದರೆ ಅಜ್ಜಿ ಒಳಗಿನಿಂದ ಬರುತ್ತಿದ್ದಳು. ಬೈಯುತ್ತಿರಲಿಲ್ಲ. ಕಂಬಳಿ ನಡುವೆ ಇದ್ದ ಲಾಟೀನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು, ಅಷ್ಟೇ. ಕೈಯಲ್ಲಿ ಎಂಥ ಎಲೆ ಇದ್ದರೂ ಆಟ ಅಲ್ಲಿಗೆ ಖತಂ. ಒಮ್ಮೆ ನಮ್ಮ ಮಾವ ಕತ್ತಲಲ್ಲೇ ‘ನನ್ನ ಹತ್ರ ಎಕ್ಕ ಇತ್ತು’ ಎಂದು ಗೋಳಾಡಿದ್ದು ಈಗಲೂ ಕಿವಿಯಲ್ಲಿದೆ.

ನಿಮ್ಮ ಫೋನಿನಲ್ಲಿ ಬೆಳಕು ನಿಮ್ಮ ಕೈಯಲ್ಲೇ ಇದೆ. ನಿಮ್ಮ ಮನೆಯವರು ಏನನ್ನು ಎತ್ತಿಕೊಂಡು ಹೋಗಬೇಕು? ಪಾತ್ರೆಯನ್ನೇ ಅಲ್ವಾ?

ಇನ್ನೊಂದು ಲೆಕ್ಕ. ಹೆಚ್ಚು ಚಾಲ್ತಿಯಲ್ಲಿರುವ ಪೋಕರಿನಲ್ಲಿ ಕೈಗೆ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿ ಐದು. ಕೈಯ ಆ ಎರಡೂ ಜೋಡಿಯಾಗಿ (ಎರಡು ಎಕ್ಕ, ಎರಡು ಏಳು, ಹೀಗೆ) ಬೀಳುವುದು 17 ಸಲಕ್ಕೆ ಒಂದು ಸಲ. ಅಂದರೆ ಒಳ್ಳೆ ಆಟಗಾರ ಹೆಚ್ಚು ಹೊತ್ತು ಎಲೆ ಕೆಳಗಿಟ್ಟು ಕಾಯುತ್ತಾನೆ. ಕೈಯಲ್ಲಿ ಕಲಸಿ ಹಂಚಿದರೆ ಗಂಟೆಗೆ ಸುಮಾರು 30 ಆಟ ಆದೀತು. ಫೋನಿನಲ್ಲಿ ಅದರ ಎರಡು ಪಟ್ಟು. ಎಲೆ ಕಲಸುವ ಹೊತ್ತನ್ನೇ ಯಂತ್ರ ನುಂಗಿಬಿಟ್ಟಿದೆ. ನಮ್ಮ ಜಗಲಿಯಲ್ಲಿ ನಿಜವಾದ ವ್ಯವಹಾರ ನಡೆಯುತ್ತಿದ್ದುದೇ ಆಗ. ಯಾರ ಮಗಳಿಗೆ ಎಲ್ಲಿಯ ವರ, ಯಾರ ತೋಟಕ್ಕೆ ಕೊಳೆ ರೋಗ, ಯಾರಿಗೆ ಸಾಲ ಬೇಕು, ಎಲ್ಲ ಆ ಎರಡು ನಿಮಿಷದಲ್ಲಿ. ಒಳಗಿನಿಂದ ಹೆಂಗಸರೂ ಒಂದು ಮಾತು ಎಸೆಯುತ್ತಿದ್ದರು.

ಋಗ್ವೇದದ ಹತ್ತನೇ ಮಂಡಲದಲ್ಲಿ ಒಬ್ಬ ಜೂಜುಗಾರನ ಗೋಳಿದೆ, 34ನೇ ಸೂಕ್ತ. ಅತ್ತೆ ದ್ವೇಷಿಸುತ್ತಾಳೆ, ಹೆಂಡತಿ ದೂರ ತಳ್ಳುತ್ತಾಳೆ ಎಂದು ಅಳುತ್ತಾನೆ. ನನಗೆ ಅದರಲ್ಲಿ ಚುಚ್ಚುವುದು ಬೇರೆ ಮಾತು. ಅವಳು ನನ್ನನ್ನು ಬೈದವಳಲ್ಲ, ನನ್ನ ಗೆಳೆಯರಿಗೂ ಒಳ್ಳೆಯವಳೇ ಆಗಿದ್ದಳು ಅನ್ನುತ್ತಾನೆ. ನೀವೂ ಅದನ್ನೇ ಬರೆದಿದ್ದೀರಿ. ಮೂರನೇ ಪುಟದ ಕೊನೆಯಲ್ಲಿ: ‘ಮಗಳು ಬಹಳ ಒಳ್ಳೆಯವಳು, ನಾನು ಫೋನ್ ಹಿಡಿದರೆ ಹತ್ತಿರ ಬರುವುದೇ ಇಲ್ಲ.’ ಆ ಸಾಲನ್ನು ನಾನು ಎರಡು ಸಲ ಓದಿದೆ. ನೀವು ಒಂದು ಸಲ ಓದಿದ್ದರೂ ಪತ್ರ ಬರೆಯುವ ಅಗತ್ಯ ಇರುತ್ತಿರಲಿಲ್ಲ.

ತಪ್ಪೆಲ್ಲ ನಿಮ್ಮದೇ ಎನ್ನಲಾರೆ. ಜಗಲಿ ಎಲ್ಲಿದೆ ಹೇಳಿ? ಹೊಸ ಮನೆಗೆ ಸಿಟೌಟ್ ಅಂತ ಕಟ್ಟುತ್ತಾರೆ. ಎರಡು ಕುರ್ಚಿ ಇಟ್ಟರೆ ಚಪ್ಪಲಿ ಬಿಡಲು ಜಾಗ ಇಲ್ಲ, ಅದಕ್ಕೂ ಗ್ರಿಲ್ಲು, ಬೀಗ. ರಾತ್ರಿ ಮೆಟ್ಟುಗತ್ತಿ ಮೇಲೆ ಕೂತು ಹತ್ತು ಜನ ಅಡಿಕೆ ಸುಲಿಯುತ್ತಿದ್ದ ಕಡೆ ಈಗ ಯಂತ್ರ ಗುರ್ ಅನ್ನುತ್ತದೆ, ಮಾತು ಕೇಳಿಸುವುದಿಲ್ಲ. ಮದುವೆಯೆಂದರೆ ಹಾಲ್. ಹೋದ ತಿಂಗಳು ಒಂದು ಮದುವೆಯಲ್ಲಿ ನಾವು ನಾಲ್ಕು ಮುದುಕರು ಊಟವಾದ ಮೇಲೆ ಎಲೆ ತೆಗೆದೆವು. ಮೊದಲ ಆಟ ಮುಗಿಯುವ ಮೊದಲೇ ಹುಡುಗನೊಬ್ಬ ಬಂದು ಕುರ್ಚಿ ಮಡಚತೊಡಗಿದ. ನಾಲ್ಕು ಗಂಟೆಗೆ ಹಾಲ್ ಬಿಡಬೇಕಂತೆ! ನಿಂತುಕೊಂಡೇ ಎಲೆ ಎಣಿಸಿಕೊಂಡೆವು. ಇಂಥ ಊರಲ್ಲಿ ಜನ ಫೋನಿನೊಳಗೆ ಜಗಲಿ ಹುಡುಕಿದರೆ ಆಶ್ಚರ್ಯವೇನು?

ಗಂಟೆ ಲೆಕ್ಕ ಹಾಕಿ ತೂಗಿಸುವ ಉಪಾಯ ನನ್ನಲ್ಲಿಲ್ಲ. ಗೆಳೆಯರಲ್ಲಿ ಇಬ್ಬರು ಕಾರವಾರದಲ್ಲೇ ಇದ್ದಾರೆ ಎಂದು ಬರೆದಿದ್ದೀರಿ. ಶನಿವಾರ ಸಂಸಾರ ಸಮೇತ ಕರೆಯಿರಿ. ಚಹಾ ನೀವೇ ಮಾಡಿ, ಪಾತ್ರೆಯನ್ನೂ ನೀವೇ ತೊಳೆಯಿರಿ, ಸದ್ದು ಹೇಗೆ ಬರುತ್ತದೆ ಎಂದು ಗೊತ್ತಾಗಲಿ. ಮಗಳ ಕೈಯಲ್ಲಿ ಎಲೆ ಕಲಸಿಸಿ. ಚಿಕ್ಕ ಕೈ, ಅರ್ಧ ಎಲೆ ನೆಲಕ್ಕೆ ಬೀಳುತ್ತವೆ, ಹೊತ್ತು ಹಿಡಿಯುತ್ತದೆ. ಹಿಡಿಯಲಿ.

ಕಟ್ಟು ಇಲ್ಲದಿದ್ದರೆ ಬರೆಯಿರಿ, ನಮ್ಮ ಕಚೇರಿಯ ಕಪಾಟಿನಲ್ಲಿ ಒಂದಿದೆ, ಕಳಿಸುತ್ತೇನೆ. ಕಳಾವರ್ ಏಳು ಕಾಣೆಯಾಗಿದೆ. ಜೋಕರಿನ ಮೇಲೆ ಪೆನ್ನಿನಲ್ಲಿ ಬರೆದುಕೊಂಡಿದ್ದೇವೆ.

– ಸಂ.