ಮಗಳ ರೀಲ್ಸ್‌ಗೆ ಅಡ್ವಾನ್ಸ್ ತಗೊಳ್ಳೋಕೆ ಮುಂಚೆ

ಆರು ವರ್ಷದ ಮಗಳ ರೀಲ್ಸ್ ಚೆನ್ನಾಗಿ ಓಡ್ತಿದೆ, ಬಟ್ಟೆ ಅಂಗಡಿಯವರು ಪ್ರಮೋಷನ್‌ಗೆ ಕರೀತಿದ್ದಾರೆ, ಒಪ್ಪಿದರೆ ಲಾಭ ಏನು ನಷ್ಟ ಏನು ಅಂತ ಕೇಳಿದ್ದೀರಿ. ಓದಿ ಎದೆ ಧಸಕ್ಕೆಂದಿತು. ಮೂರು ವರ್ಷದ ಹಿಂದೆ ತುಮಕೂರಿನ ನಮ್ಮ ಮನೆಯಲ್ಲೂ ಇದೇ ಮಾತು ನಡೆದಿತ್ತು.

ನನ್ನ ಮಗಳಿಗೆ ಆಗ ಏಳು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿನ ಕೆನ್ನೆ ಪಕ್ಕ ಹಿಡಿದು "ನೋಡಮ್ಮ, ನನ್ನ ಮುಖಕ್ಕಿಂತ ದೊಡ್ಡದು" ಅಂದಿದ್ದಳು. ಸುಮ್ನೆ ಹಾಕಿದ ವಿಡಿಯೋ, ವಾರದಲ್ಲಿ ಬೀದಿಯವರೆಲ್ಲ ಅದನ್ನೇ ಹೇಳಿ ನಗುತ್ತಿದ್ದರು. ಇನ್‌ಸ್ಟಾಗ್ರಾಮ್‌ನಲ್ಲಿ 13 ತುಂಬದ ಮಕ್ಕಳು ತಾವೇ ಖಾತೆ ತೆರೆಯುವಂತಿಲ್ಲ, ಹಾಗಾಗಿ ಎಲ್ಲ ನನ್ನ ಕೈಯಲ್ಲೇ ಇತ್ತು. ಅವಳಿಗೂ ಖುಷಿ ಇತ್ತು, ಸುಳ್ಳು ಹೇಳಲ್ಲ. ಹೊಸಬರ ಹತ್ತಿರ ಮಾತಾಡುವ ಸಂಕೋಚ ಹೋಯಿತು. ನಾನು ಕಂಡ ಲಾಭ ಅಷ್ಟೇ.

ದೀಪಾವಳಿಗೆ ಮುಂಚೆ ಒಂದು ಅಂಗಡಿಯವರು 4 ರೀಲ್ಸ್‌ಗೆ 8,000 ರೂಪಾಯಿ ಪೂರ್ತಿ ಅಡ್ವಾನ್ಸ್ ಕೊಟ್ಟರು. ತಗೊಂಡೆ. ಅದೇ ತಪ್ಪು. ವಿಡಿಯೋ ಮಾಡಿದ್ದಲ್ಲ, ಹಾಕಿದ್ದೂ ಅಲ್ಲ, ಆ ಅಡ್ವಾನ್ಸ್. ಯಾಕೆ ಅಂದರೆ ಅಲ್ಲಿವರೆಗೆ ಅವಳು "ಬೇಡಮ್ಮ" ಅಂದರೆ ಫೋನು ಟಿವಿ ಮೇಲೆ ಹೋಗುತ್ತಿತ್ತು, ಅವಳು ಆಡೋಕೆ ಹೋಗುತ್ತಿದ್ದಳು, ಯಾರಿಗೂ ಏನೂ ನಷ್ಟ ಇರಲಿಲ್ಲ. ಆ ದುಡ್ಡು ಬಂದ ತಿಂಗಳೇ ಚೀಟಿ ಕಟ್ಟೋಕೆ ಹೋಯಿತು. ವಾಪಸ್ ಕೊಡೋಕೆ ಕೈಯಲ್ಲಿ ಇಲ್ಲ. ಆಮೇಲೆ ಅವಳ "ಬೇಡ"ಕ್ಕೆ ನಮ್ಮ ಮನೆಯಲ್ಲಿ ಬೆಲೆ ಇರಲಿಲ್ಲ, ಅವಳು ಒಲ್ಲೆ ಅಂದಷ್ಟೂ ನನಗೆ ದುಡ್ಡು ಕೊಟ್ಟ ಅಂಗಡಿಯವರ ಮುಖ ಕಾಣುತ್ತಿತ್ತು.

ಎರಡನೇ ರೀಲ್ಸ್ ದಿನ ಅವಳ ಮೈ ಬೆಚ್ಚಗಿತ್ತು. ನನಗೆ ಗೊತ್ತಿತ್ತು. ಜ್ವರದ ಸಿರಪ್ ಕುಡಿಸಿ ಲೈಟ್ ಹಾಕಿದೆ. ಲಂಗ-ರವಿಕೆಯನ್ನು ಅಂಗಡಿಗೆ ವಾಪಸ್ ಕೊಡಬೇಕಿತ್ತು, ಅದಕ್ಕೆ ರವಿಕೆಯ ಟ್ಯಾಗ್ ಕತ್ತರಿಸದೆ ಹಿಂದೆ ಕತ್ತಿನೊಳಗೆ ಸಿಕ್ಕಿಸಿದ್ದೆ. "ಚುಚ್ಚುತ್ತಮ್ಮ" ಅಂದಳು. ಇನ್ನೊಂದೇ ಸಲ ಅಂದೆ. ಹನ್ನೊಂದು ಸಲ ಮಾಡಿಸಿದೆ. ರಾತ್ರಿ ಬಟ್ಟೆ ಬಿಚ್ಚುವಾಗ ಕತ್ತಿನ ಹಿಂದೆ ಬೆರಳುದ್ದ ಕೆಂಪು ಗೆರೆ.

ಮುಂದಿನ ಭಾನುವಾರ ದೇವರಾಯನದುರ್ಗಕ್ಕೆ ಹೊರಟಾಗ ಬಾಗಿಲಲ್ಲಿ ನಿಂತು ಕೇಳಿದಳು: "ಅಮ್ಮ, ಇದು ವಿಡಿಯೋಗಾ, ಸುಮ್ನೆನಾ?" ಆ ವಾರವೇ ಇನ್‌ಸ್ಟಾಗ್ರಾಮ್ ಖಾತೆ ಡಿಲೀಟ್ ಮಾಡಿದೆ. ಉಳಿದ 4,000 ಎರಡು ಕಂತಲ್ಲಿ ಅಂಗಡಿಗೆ ವಾಪಸ್ ಕೊಟ್ಟೆವು. ನಮ್ಮ ಮನೆಯವರು ಒಂದು ಮಾತೂ ಆಡಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಓದಿಗೆ ತೊಂದರೆ ಆಗದ ಹಾಗೆ ವಾರಕ್ಕೆ ಅರ್ಧ ಗಂಟೆ ಮಾತ್ರ ಅಂತ ಬರೆದಿದ್ದೀರಿ. ಗಂಟೆ ಲೆಕ್ಕ ಬಿಡಿ. ಅಂಗಡಿಯವರು ಕಾಯುತ್ತಿರುವಾಗ ಅವಳು ಬೇಡ ಅಂದರೆ ಅವತ್ತು ನಿಜವಾಗಿ ನಿಲ್ಲಿಸ್ತೀರಾ? ನನ್ನ ಕೈಲಿ ಆಗಲಿಲ್ಲ. ಸಿನಿಮಾ, ಟಿವಿಯಲ್ಲಿ ನಟಿಸುವ ಮಕ್ಕಳಿಗಾದರೂ 2017ರ ನಿಯಮ ಇದೆ: ದಿನಕ್ಕೆ 5 ಗಂಟೆ ಮೀರಬಾರದು, ಬಿಡುವಿಲ್ಲದೆ 3 ಗಂಟೆ ಮೀರಬಾರದು, ಸಂಪಾದನೆಯಲ್ಲಿ ಕನಿಷ್ಠ ಶೇ. 20 ಮಗುವಿನ ಹೆಸರಲ್ಲಿ ಬ್ಯಾಂಕಿನಲ್ಲಿ ಡೆಪಾಸಿಟ್ ಆಗಬೇಕು. ನಮ್ಮ ಹಾಲ್‌ನಲ್ಲಿ ಲೈಟ್ ಹಾಕಿದ್ದು ನಾನು, ಸಾಕು ಅನ್ನಬೇಕಾದವಳೂ ನಾನೇ. ಹೇಳೋರು ಬೇರೆ ಯಾರೂ ಇರಲಿಲ್ಲ.

ನನ್ನ ಕೇಳಿದರೆ ಒಪ್ಪಬೇಡಿ. ಅವಳ ವಿಡಿಯೋ ಅಜ್ಜಿ, ಅತ್ತೆ, ಮಾವಂದಿರ ವಾಟ್ಸಾಪ್ ಗ್ರೂಪಲ್ಲಿ ಇರಲಿ. ಒಪ್ಪಲೇಬೇಕು ಅಂತಿದ್ದರೆ ರೀಲ್ಸ್ ಮುಗಿದ ಮೇಲೆ ದುಡ್ಡು ತಗೊಳ್ಳಿ, ಮುಂಚೆ ಒಂದು ರೂಪಾಯಿಯೂ ಬೇಡ. ಯೂನಿಫಾರ್ಮ್, ಸ್ಕೂಲ್ ವ್ಯಾನ್, ಮನೆ ಗೇಟು ತೋರಿಸಬೇಡಿ. ಬಂದದ್ದನ್ನು ಅವಳ ಹೆಸರಿಗೇ ಹಾಕಿ. ಹತ್ತು ತುಂಬುವ ಮುಂಚೆ ಪೋಸ್ಟ್ ಆಫೀಸಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು, 250 ರೂಪಾಯಿ ಇದ್ದರೆ ಶುರು ಮಾಡಬಹುದು. ಮತ್ತೆ ಅಂಗಡಿಯವರು ಕೊಟ್ಟ ಬಟ್ಟೆಯ ಟ್ಯಾಗ್ ಮೊದಲು ಕತ್ತರಿಸಿ.