ಬಾಕಿ ಸಂಬಳ, ಬಚ್ಚಿಟ್ಟ ನೋವು: ವರ್ಷಕ್ಕೊಂದು ದೇಶದಲ್ಲಿ ಆಡುವ ಬ್ಯಾಸ್ಕೆಟ್‌ಬಾಲ್ ಆಟಗಾರನ ಪ್ರಕರಣ

ಮೂವತ್ತೊಂದು ವರ್ಷದ ಅಮೆರಿಕನ್ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ಹಿಡಿದು ತಂಡದ ಆಟ ನಡೆಸುವವನು. ಒಂಬತ್ತು ಸೀಸನ್, ಆರು ದೇಶ, ಎಂಟು ಕ್ಲಬ್. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇವೆ. ಇಲ್ಲಿ ಆತನನ್ನು ‘ಡಿ’ ಎನ್ನೋಣ. ಪೂರ್ವ ಯುರೋಪಿನ ಒಂದು ಕ್ಲಬ್ಬಿಗೆ ಆಡುತ್ತಿದ್ದಾಗ, ಜನವರಿಯ ಕೊನೆಯಲ್ಲಿ, ನಮ್ಮ ಸಲಹೆ ಕೇಳಲು ವಿಡಿಯೊ ಕರೆಯಲ್ಲಿ ಬಂದ. ಹೇಳಿಕೊಂಡದ್ದು ನಿದ್ದೆಯ ತೊಂದರೆ. ರಾತ್ರಿ ಮೂರಾದರೂ ಕಣ್ಣು ಮುಚ್ಚುವುದಿಲ್ಲ, ಮನೆಗೆ ಫೋನ್ ಮಾಡಿದರೆ ಹೆಂಡತಿಯ ಜತೆ ಜಗಳ, “ಈ ವರ್ಷವೇ ಆಟ ಬಿಟ್ಟುಬಿಡಲಾ?” ಎಂಬುದೊಂದೇ ಪ್ರಶ್ನೆ.

ಎರಡನೇ ಭೇಟಿಯಲ್ಲಿ ಬ್ಯಾಂಕ್ ಖಾತೆ ತೆರೆದು ನೋಡಿದಾಗ ನಿದ್ದೆಗೆಟ್ಟ ಕಾರಣ ಕಾಣಿಸಿತು. ಒಪ್ಪಂದದಲ್ಲಿ ತಿಂಗಳಿಗೆ 3,500 ಡಾಲರ್ ‘ನೆಟ್’, ಹತ್ತು ಕಂತು, ಜತೆಗೆ ಮನೆ, ಕಾರು, ಎರಡು ವಿಮಾನ ಟಿಕೆಟ್. ನವೆಂಬರಿನದು ಅರ್ಧ ಬಂದಿತ್ತು, ಡಿಸೆಂಬರಿನದು ಬಂದೇ ಇರಲಿಲ್ಲ. ಮ್ಯಾನೇಜರ್ ಒಮ್ಮೆ ಡ್ರೆಸ್ಸಿಂಗ್ ರೂಮಿನಲ್ಲಿ 500 ಯೂರೊ ಲಕೋಟೆಯಲ್ಲಿಟ್ಟು ಕೊಟ್ಟಿದ್ದ; ಯಾವ ತಿಂಗಳ ಲೆಕ್ಕಕ್ಕೆ ಎಂದು ಯಾರೂ ಬರೆದುಕೊಂಡಿರಲಿಲ್ಲ. ಮೂರು ವಾರದ ಹಿಂದೆ ಬಲ ಪಾದದ ಕೀಲು ಉಳುಕಿತ್ತು. ಡಾಕ್ಟರಿಗೆ ಹೇಳದೆ, ಟೇಪ್ ಬಿಗಿದುಕೊಂಡು ನೋವಿನ ಮಾತ್ರೆ ನುಂಗಿ ಆಡುತ್ತಿದ್ದ. “ಬಾಯಿ ಬಿಟ್ಟರೆ ನಾಳೆಯೇ ಇನ್ನೊಬ್ಬನನ್ನು ಕರೆಸ್ತಾರೆ” ಎಂದ.

ಈ ಭಯ ಹುಸಿಯಲ್ಲ. ಹೊರದೇಶದವರಿಗೆ ಇರುವ ಜಾಗಗಳೇ ಎಣಿಕೆಯವು. ಜರ್ಮನಿಯ ಮೊದಲ ದರ್ಜೆಯ ಲೀಗಿನಲ್ಲಿ ಪಂದ್ಯದ ಪಟ್ಟಿಯ 12 ಜನರಲ್ಲಿ 6 ಮಂದಿ ಜರ್ಮನ್ನರಿರಬೇಕು. ಫಿಲಿಪೀನ್ಸಿನ ವೃತ್ತಿಪರ ಲೀಗ್ ಪಿಬಿಎಯಲ್ಲಿ, ‘ಇಂಪೋರ್ಟ್’ (ಹೊರದೇಶದ ಆಟಗಾರ) ಇರುವ ಟೂರ್ನಿಗಳಲ್ಲಿ ಸಾಮಾನ್ಯವಾಗಿ ತಂಡಕ್ಕೆ ಒಬ್ಬನೇ, ನಾಲ್ಕು ಪಂದ್ಯ ಸೋತರೆ ಅವನನ್ನು ಟೂರ್ನಿಯ ಮಧ್ಯದಲ್ಲೇ ಬದಲಿಸುವುದುಂಟು. ಆದ್ದರಿಂದ ಡಿಗೆ “ಧೈರ್ಯ ತಂದುಕೋ” ಎನ್ನಲಿಲ್ಲ. ಬಾಯಿ ಮುಚ್ಚಿಕೊಂಡು ಇಷ್ಟು ದಿನ ಏನು ಉಳಿಸಿಕೊಂಡೆ ಎಂದು ಕೇಳಿ, ಉತ್ತರವನ್ನು ಕಾಗದದ ಮೇಲೆ ಬರೆಸಿದೆವು. ಒಂದು ಸಾಲೂ ತುಂಬಲಿಲ್ಲ.

ಮೊದಲು ಹಣ. ಅವನ ಒಪ್ಪಂದದ ಪ್ರಕಾರ ಸಂಬಳ 15 ದಿನ ತಡವಾದರೆ ಅಭ್ಯಾಸ, ಪಂದ್ಯ ನಿಲ್ಲಿಸಬಹುದು. 30 ದಿನವಾದರೆ ಒಪ್ಪಂದ ಮುರಿಯಬಹುದು. ಆದರೆ ಎರಡಕ್ಕೂ ಮೊದಲು ಲಿಖಿತ ನೋಟಿಸ್ ಕೊಡಬೇಕು. ಅದಿಲ್ಲದೆ ಅಭ್ಯಾಸ ತಪ್ಪಿಸಿದರೆ “ತಂಡ ಬಿಟ್ಟು ಹೋದ” ಎಂದು ಕ್ಲಬ್ಬೇ ಒಪ್ಪಂದ ಮುರಿಯುತ್ತದೆ. ಬಹಳಷ್ಟು ಆಟಗಾರರು ಎಡವುವುದು ಇಲ್ಲೇ. ಏಜೆಂಟನಿಗೂ ಪ್ರತಿ ಹೋಗುವ ಇಮೇಲ್ ಬರೆಯಲು ಹೇಳಿದೆವು. ಮೊದಲ ಕರಡಿನಲ್ಲಿ ಎರಡು ಪ್ಯಾರಾ ಬರೀ ಕ್ಷಮಾಪಣೆ. ಮೂರನೇ ಕರಡಿನಲ್ಲಿ ನಾಲ್ಕು ಸಾಲು ಉಳಿಯಿತು: ಯಾವ ತಿಂಗಳದ್ದು, ಎಷ್ಟು, ಯಾವತ್ತು ಬರಬೇಕಿತ್ತು, ಯಾವತ್ತಿನೊಳಗೆ ಕೊಡಬೇಕು. ಲಕೋಟೆಯ 500 ಯೂರೊವನ್ನು ನವೆಂಬರಿನ ಬಾಕಿಗೆ ಹಿಡಿದಿದ್ದೇನೆ ಎಂದೂ ಸೇರಿಸಿದ.

ಒಪ್ಪಂದದಲ್ಲಿ ಬಿಎಟಿ, ಅಂದರೆ ಬ್ಯಾಸ್ಕೆಟ್‌ಬಾಲ್ ಪಂಚಾಯ್ತಿ ನ್ಯಾಯಮಂಡಳಿಯ ಕಲಂ ಇತ್ತು. 2007ರಲ್ಲಿ ಶುರುವಾದ ಈ ಮಂಡಳಿಯ ನೆಲೆ ಜಿನೀವಾ. ಒಬ್ಬನೇ ಪಂಚ, ಇಂಗ್ಲಿಷಿನಲ್ಲಿ ವ್ಯವಹಾರ. ತೀರ್ಪಿನಂತೆ ಹಣ ಕೊಡದ ಕ್ಲಬ್ಬಿಗೆ ಹೊಸ ಆಟಗಾರರನ್ನು ನೋಂದಾಯಿಸದಂತೆ ಬ್ಯಾಸ್ಕೆಟ್‌ಬಾಲಿನ ಜಾಗತಿಕ ಸಂಸ್ಥೆ ಫಿಬಾ ತಡೆ ಹಾಕಬಹುದು. ಕಲಂ ಇಲ್ಲದಿದ್ದರೆ ಈ ಬಾಗಿಲೇ ಇಲ್ಲ. ಮುಂದಿನ ಯಾವ ಒಪ್ಪಂದಕ್ಕೂ ಅದನ್ನು ನೋಡದೆ ಸಹಿ ಹಾಕಬೇಡ ಎಂದೆವು.

ಪಾದದ ವಿಷಯದಲ್ಲಿ ನಾವು ಖಂಡಿತವಾಗಿ ಹೇಳಿದೆವು: ಇವತ್ತೇ ತಂಡದ ಡಾಕ್ಟರಿಗೆ ಬರೆದು ತಿಳಿಸು, ಎಂಆರ್‌ಐ ಪ್ರತಿ ನಿನ್ನ ಬಳಿಯೂ ಇರಲಿ. ಮುಂದಿನ ಕ್ಲಬ್ ಬಂದಿಳಿದ ಒಂದೆರಡು ದಿನದಲ್ಲೇ ವೈದ್ಯಕೀಯ ಪರೀಕ್ಷೆ ಮಾಡಿಸುತ್ತದೆ, ಅದರಲ್ಲಿ ಪಾಸಾದರೆ ಮಾತ್ರ ಒಪ್ಪಂದಕ್ಕೆ ಜೀವ. ಬಚ್ಚಿಟ್ಟ ಗಾಯ ಅಲ್ಲಿ ಬಯಲಾದರೆ ಹಿಂದಿನ ಕ್ಲಬ್ಬನ್ನು ಹೊಣೆ ಮಾಡಲು ಕಾಗದವೇ ಇರುವುದಿಲ್ಲ. ಎಂಆರ್‌ಐ ಮಾಡಿಸಿದಾಗ ಡಿಯ ಪಾದದ ಅಸ್ಥಿರಜ್ಜು ಅರ್ಧ ಹರಿದಿತ್ತು, ನಾಲ್ಕು ವಾರ ವಿಶ್ರಾಂತಿ. ಗಾಯವಾದರೂ ಸಂಬಳ ಕೊಡಬೇಕೆಂಬ ಖಾತರಿ ಒಪ್ಪಂದದಲ್ಲೇ ಇತ್ತು. ಡಿ ಆ ಪುಟ ಓದಿಯೇ ಇರಲಿಲ್ಲ.

ತೆರಿಗೆಯನ್ನೂ ಇಲ್ಲೇ ಹೇಳಬೇಕು. ‘ನೆಟ್’ ಅಂದರೆ ಅಲ್ಲಿನ ತೆರಿಗೆ ಕ್ಲಬ್ಬಿನ ಹೊಣೆ. ಆದರೆ ಅಮೆರಿಕದ ಪ್ರಜೆ ಎಲ್ಲಿ ದುಡಿದರೂ ತನ್ನ ದೇಶಕ್ಕೆ ಲೆಕ್ಕ ಕೊಡಬೇಕು. ದಿನಗಳ ಲೆಕ್ಕದಲ್ಲಿ ವಿದೇಶಿ ಗಳಿಕೆಯ ವಿನಾಯಿತಿ ಬೇಕಾದರೆ 12 ತಿಂಗಳಲ್ಲಿ ಪೂರ್ತಿ 330 ದಿನ ಹೊರಗಿರಬೇಕು. ಹತ್ತು ತಿಂಗಳ ಸೀಸನ್ ಆಡಿ ಊರಿಗೆ ಮರಳುವವನಿಗೆ ಅದು ಸಿಗುವುದಿಲ್ಲ. ಆಗ ಉಳಿಯುವ ದಾರಿ, ಅಲ್ಲಿ ಕಟ್ಟಿದ ತೆರಿಗೆಯನ್ನು ಅಮೆರಿಕದ ತೆರಿಗೆಯಲ್ಲಿ ವಜಾ ಮಾಡಿಸಿಕೊಳ್ಳುವುದು. ಅದಕ್ಕೆ ತೆರಿಗೆ ಕಟ್ಟಿದ ಪ್ರಮಾಣಪತ್ರ ಬೇಕು. ಊರು ಬಿಡುವ ಮೊದಲೇ ಅದನ್ನು ಕೇಳಿ ಪಡೆ ಎಂದೆವು, ಆಮೇಲೆ ಯಾರೂ ಫೋನ್ ಎತ್ತುವುದಿಲ್ಲ.

ಮನೆಯ ಜಗಳಕ್ಕೂ ಮೂಲ ಸಂಬಳವೇ. “ಬರುತ್ತೆ ಬಿಡು” ಎಂದು ಆತ ಅಂದದ್ದನ್ನು ನಂಬಿ ಹೆಂಡತಿ ಮನೆ ಸಾಲದ ಕಂತಿಗೆ ದಿನ ಕೊಟ್ಟಿದ್ದಳು. ಇಬ್ಬರೂ ನೋಡುವ ಒಂದು ಹಾಳೆ ಮಾಡಿಸಿದೆವು: ಒಂದು ಕಡೆ ಬರಬೇಕಾದದ್ದು, ಇನ್ನೊಂದು ಕಡೆ ಬಂದದ್ದು. ಸಂಸಾರದ ಖರ್ಚು ಬಂದ ಹಣದಿಂದ ಮಾತ್ರ. ಹಣದ ಮಾತಿಗೆ ಭಾನುವಾರ ಅರ್ಧ ಗಂಟೆ, ಬೇರೆ ದಿನ ನಾಲ್ಕು ವರ್ಷದ ಮಗಳ ಜತೆ ಮಾತು. ನಿದ್ದೆಗೆ ಹೇಳಿದ್ದು ಕಡಿಮೆ: ಪಂದ್ಯ ಎಷ್ಟು ಹೊತ್ತಿಗೆ ಮುಗಿದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳು, ಮಧ್ಯಾಹ್ನ ಎರಡರ ಮೇಲೆ ಕಾಫಿ ಬೇಡ.

ಆಟ ಬಿಡುವ ಪ್ರಶ್ನೆಯನ್ನು ಸೋತ ರಾತ್ರಿ ಎತ್ತಕೂಡದು ಎಂದು ಒಪ್ಪಂದವಾಯಿತು. ಅದಕ್ಕೆ ಜೂನ್ 15 ಗೊತ್ತುಮಾಡಿದೆವು. ಅಷ್ಟರೊಳಗೆ ಮೂರು ವಿಷಯ ತಿಳಿದಿರಬೇಕು: ಪಾದದ ಸ್ಥಿತಿ, ಕೈಗೆ ಬಂದ ಒಟ್ಟು ಹಣ, ಪದವಿಗೆ ಉಳಿದ 18 ಕ್ರೆಡಿಟ್ ಮುಗಿಸಲು ಬೇಕಾದ ಸಮಯ.

ಫೆಬ್ರವರಿಯಲ್ಲಿ ನವೆಂಬರಿನ ಬಾಕಿ ತೀರಿತು. ಏಪ್ರಿಲ್ ಕೊನೆಗೆ ಕ್ಲಬ್ ಒಂದು ತಿಂಗಳ ಸಂಬಳ ಕೊಟ್ಟು, “ಎಲ್ಲ ಬಾಕಿ ಸಂದಾಯವಾಗಿದೆ” ಎಂಬ ಕಾಗದಕ್ಕೆ ಸಹಿ ಕೇಳಿತು. ಇನ್ನೂ ಎರಡು ತಿಂಗಳದ್ದು ಬರಬೇಕಿತ್ತು. ಡಿ ಸಹಿ ಹಾಕದೆ ಕಾಗದದ ಫೋಟೊ ತೆಗೆದು ಏಜೆಂಟನಿಗೆ ಕಳಿಸಿದ. ಹಾಳೆಯಲ್ಲಿ ಆ ಎರಡು ತಿಂಗಳ ಸಾಲು ಖಾಲಿಯೇ ಇವೆ.